ವರ್ಗಾವಣೆಯ ಪತ್ರ ಬಂದ ಮೇಲೆ: ಸೇವೆಯಲ್ಲಿ ಬಿಟ್ಟುಕೊಡುವ ಕೆಲಸ

(ಅಯ್ಯನವರೆಂದು ಕರೆಯುವ ಸಭಾಪಾಲಕರು, ಸಭಾ ಸಮಿತಿಯವರು ಮತ್ತು ಸೇವೆಗೆ ಬರಬೇಕೆಂದಿರುವ ಯುವಜನರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಲಾಗಿದೆ.)

ಅಯ್ಯನವರೇ, ಅಮ್ಮನವರೇ, ಸಮಿತಿಯ ಹಿರಿಯರೇ,

ಈಸ್ಟರ್ ಕಳೆದು ಒಂದೆರಡು ವಾರವಾಯಿತೆಂದರೆ ಸಭಾಪಾಲಕರು ವಾಸಿಸುವ ನಮ್ಮ ಪಾರ್ಸನೇಜುಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ವರ್ಗಾವಣೆಯ ಲಿಸ್ಟ್ ಯಾವಾಗ ಬರುತ್ತದೆ, ಯಾರ ಹೆಸರು ಯಾವ ಊರಿಗೆ ಬಿದ್ದಿದೆ, ಅಲ್ಲಿ ಮಕ್ಕಳಿಗೆ ಶಾಲೆ ಹೇಗೆ, ಮನೆ ಸೋರುತ್ತದೆಯೇ. ಡಯಾಸಿಸ್ ಆಫೀಸಿನಿಂದ, ಅಂದರೆ ಬಿಷಪರ ಆಡಳಿತ ಕಚೇರಿಯಿಂದ, ಪತ್ರ ಕೈಗೆ ಬಂದ ದಿನದಿಂದ ಸಾಮಾನು ಲಾರಿಗೆ ಏರುವ ದಿನದವರೆಗೆ ಸಿಗುವುದು ಹೆಚ್ಚೆಂದರೆ ನಾಲ್ಕರಿಂದ ಆರು ವಾರ. ಆ ವಾರಗಳಲ್ಲಿ ಸಮಿತಿಯವರು ‘ಹೊಸ ಅಯ್ಯನವರು ಬರಲಿ, ನೋಡೋಣ’ ಎಂದು ಎಲ್ಲವನ್ನೂ ಮುಂದಕ್ಕೆ ಹಾಕುತ್ತಾರೆ. ಹೋಗುವವರು ‘ಇನ್ನೇನು ಹೊರಟವನು, ನನಗೇಕೆ’ ಎಂದು ಕೈಬಿಡುತ್ತಾರೆ. ಭಾನುವಾರದ ಆರಾಧನೆ ನಡೆಯುತ್ತದೆ, ಮಿಕ್ಕದ್ದೆಲ್ಲ ನಿಂತುಬಿಡುತ್ತದೆ. ಜೂನ್ ತಿಂಗಳಲ್ಲಿ ಹೊಸಬರು ಬಂದು ಬೀರು ತೆಗೆದರೆ ಒಳಗೆ ಸಹಿಯಿಲ್ಲದ ರಿಜಿಸ್ಟರು, ಯಾವ ಬೀಗದ್ದೆಂದು ಗೊತ್ತಿಲ್ಲದ ಕೀಲಿಗೊಂಚಲು.

ಈ ವಾರಗಳನ್ನು ನಾವು ಸೇವೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಗಾವಣೆಗಳು ಕೆಡುವುದು ಹೆಚ್ಚಾಗಿ ಇದರಿಂದಲೇ. ಬಿಟ್ಟುಕೊಡುವುದೂ ಸೇವೆಯ ಒಂದು ಕೆಲಸ. ಪ್ರಸಂಗಕ್ಕೆ ಎಷ್ಟು ಸಿದ್ಧತೆ ಬೇಕೋ ಇದಕ್ಕೂ ಅಷ್ಟೇ ಬೇಕು. ಕಾಗದ ಬೇಕು, ತಾರೀಕು ಬೇಕು, ಸಾಕ್ಷಿಗಳು ಬೇಕು. ಇಂದು ಹೇಳಬೇಕೆಂದಿರುವುದು ಇಷ್ಟೇ; ಮಿಕ್ಕಿದ್ದು ಇದರ ವಿವರ.

ಸತ್ಯವೇದದಲ್ಲಿ ಹಸ್ತಾಂತರದ ಲೆಕ್ಕವನ್ನು ಅತಿ ಸ್ಪಷ್ಟವಾಗಿ ಒಪ್ಪಿಸಿದವನು ಸಮುವೇಲ. ಮೊದಲನೆಯ ಸಮುವೇಲ 12ನೆಯ ಅಧ್ಯಾಯವನ್ನು ಬೀಳ್ಕೊಡುಗೆಯ ಭಾಷಣವೆಂದು ಓದುವ ರೂಢಿಯಿದೆ. ನಿಜಕ್ಕೂ ಅದು ಆಡಿಟ್. ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರಿಂದ ಲಂಚ ಪಡೆದೆ ಎಂದು ಜನರೆದುರು ನಿಂತು ಕೇಳುತ್ತಾನೆ. ಜನ ಇಲ್ಲವೆಂದ ಮೇಲೆ ಆ ಉತ್ತರಕ್ಕೆ ಸಾಕ್ಷಿಯನ್ನೂ ಇಡುತ್ತಾನೆ. ಆಮೇಲೆಯೇ ಉಪದೇಶ. ನಾವು ಉಪದೇಶದಿಂದ ಶುರುಮಾಡಿ ಲೆಕ್ಕವನ್ನು ಖಜಾಂಚಿಯ ತಲೆಗೆ ಕಟ್ಟಿ ಹೋಗುತ್ತೇವೆ. ಇದೇ ಸಮುವೇಲ ಅದಕ್ಕೂ ಮೊದಲು, 8ನೆಯ ಅಧ್ಯಾಯದಲ್ಲಿ, ತನ್ನ ಮಕ್ಕಳನ್ನೇ ನ್ಯಾಯಸ್ಥಾಪಕರನ್ನಾಗಿ ನೇಮಿಸಿದ್ದ. ಅವರು ಲಂಚ ತಿಂದರು, ಜನ ಅರಸನನ್ನು ಕೇಳಿದರು. ದೊಡ್ಡ ಪ್ರವಾದಿಯ ಮೊದಲ ಹಸ್ತಾಂತರವೇ ಕೆಟ್ಟಿತ್ತು ಎಂಬುದನ್ನು ಸತ್ಯವೇದ ಮುಚ್ಚಿಟ್ಟಿಲ್ಲ. ಮಗನಿಗೋ ಅಳಿಯನಿಗೋ ಪೀಠ ಬಿಟ್ಟುಕೊಡಲು ಹೊರಟಿರುವ, ಯಾವ ಡಯಾಸಿಸ್ಸಿಗೂ ಸೇರದ ಸ್ವತಂತ್ರ ಸಭೆಗಳ ಸ್ಥಾಪಕರು ಆ ಅಧ್ಯಾಯದ ಮೊದಲ ಐದು ವಚನಗಳನ್ನು ಓದಿಕೊಂಡರೆ ಒಳ್ಳೆಯದು.

ಮೋಶೆ ಮಾಡಿದ್ದು ಇನ್ನೊಂದು ಬಗೆ. ಅರಣ್ಯಕಾಂಡ 27ರಲ್ಲಿ ಯೆಹೋಶುವನ ಮೇಲೆ ಕೈಯಿಡುವುದು ಗುಡಾರದ ಒಳಗಲ್ಲ, ಯಾಜಕನ ಮತ್ತು ಇಡೀ ಸಮೂಹದ ಎದುರಿಗೆ. ಅದೂ ಮೋಶೆ ಬದುಕಿರುವಾಗಲೇ, ಅಧಿಕಾರದ ಒಂದು ಪಾಲನ್ನು ಮೊದಲು ಕೊಟ್ಟು. ಮೋಶೆ ತೀರಿಕೊಂಡ ಮೇಲೆ ಮೂವತ್ತು ದಿನ ಶೋಕ. ಆಮೇಲೆ ‘ಎದ್ದು ಹೊಳೆ ದಾಟು’ ಎಂಬ ಅಪ್ಪಣೆ. ಅಳುವುದಕ್ಕೂ ದಿನ ಕೊಟ್ಟಿದೆ, ಮುಗಿಸುವುದಕ್ಕೂ ದಿನ ಇಟ್ಟಿದೆ.

ನಮ್ಮ ಸಭೆಯ ಚರಿತ್ರೆಯಲ್ಲೂ ಇದಕ್ಕೆ ಉದಾಹರಣೆ ಇದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಸೇರಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಯಿತು. ಬಿಷಪರ ಕೈಯಿಂದ ಸೇವಾದೀಕ್ಷೆ ಪಡೆದ ಸೇವಕರಿದ್ದರು, ಪಡೆಯದವರೂ ಇದ್ದರು. ಯಾರಿಗೂ ಮತ್ತೆ ದೀಕ್ಷೆ ಕೊಡಲಿಲ್ಲ. ಇದ್ದವರನ್ನು ಇದ್ದ ಹಾಗೆಯೇ ಒಪ್ಪಿಕೊಂಡರು. ಎರಡು ಬಗೆಯ ಸೇವಕರು ಒಟ್ಟಿಗೆ ನಡೆಯುವ ಈ ನಡುಗಾಲಕ್ಕೆ ಸಂವಿಧಾನದಲ್ಲೇ ಮೂವತ್ತು ವರ್ಷ ಎಂದು ಬರೆದರು. ಒಂದು ಸಭೆಯ ಮನಸ್ಸಾಕ್ಷಿಗೆ ಒಪ್ಪದ ಆರಾಧನಾ ಪದ್ಧತಿಯನ್ನೋ ಸೇವಕರನ್ನೋ ಅದರ ಮೇಲೆ ಹೇರುವುದಿಲ್ಲ ಎಂದೂ ಮಾತು ಕೊಟ್ಟರು. ಐಕ್ಯವಾದ ಸಭೆ ತನಗೆ ತಾನೇ ಒಂದು ತಲೆಮಾರಿನಷ್ಟು ಕಾಲ ಕೊಟ್ಟುಕೊಂಡಿತು. ಆ ಸಭೆಯ ಮಕ್ಕಳಾದ ನಾವು ಸಭಾಪಾಲಕರನ್ನು ಕೆಲವೇ ವಾರಗಳ ನೋಟಿಸಿನಲ್ಲಿ ಬದಲಾಯಿಸಿ, ಮೊದಲ ಭಾನುವಾರವೇ ಹೊಸಬರು ಎಲ್ಲರ ಹೆಸರು ಹಿಡಿದು ಕರೆಯಲೆಂದು ಕಾಯುತ್ತೇವೆ.

ಬೇಡದೆ ಬಂದ ಬದಲಾವಣೆಗೆ 1914ನ್ನು ನೆನೆಯಬೇಕು. ಮೊದಲ ಮಹಾಯುದ್ಧ ಶುರುವಾದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿತು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮಿಶನರಿ ಹೋದರೂ ಸಭೆ ನಿಲ್ಲಲಿಲ್ಲ, ಏಕೆಂದರೆ ಇಲ್ಲಿಯವರಿಗೆ ದೀಕ್ಷೆ ಕೊಡುವ ಕೆಲಸ ಅರವತ್ತು ವರ್ಷ ಮೊದಲೇ ಶುರುವಾಗಿತ್ತು. ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲಿನಲ್ಲಿ ಓದಿ, 1851ರಲ್ಲಿ ಸೇವಾದೀಕ್ಷೆ ಪಡೆದಿದ್ದರು. ಹಸ್ತಾಂತರದ ಸಿದ್ಧತೆ ಹಸ್ತಾಂತರದ ದಿನ ಆಗುವಂಥದ್ದಲ್ಲ. ಬಂದ ಮೊದಲ ವರ್ಷವೇ ಪ್ರಸಂಗ ಮಾಡಬಲ್ಲ ಇಬ್ಬರು ಸಭಿಕರನ್ನು ತಯಾರು ಮಾಡಿದ ಅಯ್ಯನವರ ವರ್ಗಾವಣೆ ಐದನೆಯ ವರ್ಷ ಸಲೀಸು.

ರಿಜಿಸ್ಟರು, ಬ್ಯಾಂಕು, ಬೀಗ

ಈಗ ಬೀರು ತೆಗೆಯೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಭಾಗವನ್ನು ಯಾವ ಥಿಯಾಲಾಜಿಕಲ್ ಕಾಲೇಜಿನಲ್ಲೂ ಸಾಕಷ್ಟು ಹೇಳಿಕೊಡುವುದಿಲ್ಲ.

ಮೊದಲು ರಿಜಿಸ್ಟರುಗಳು: ದೀಕ್ಷಾಸ್ನಾನ, ದೃಢೀಕರಣ (ಕನ್ಫರ್ಮೇಶನ್), ಮದುವೆ, ಸಮಾಧಿ, ಸದಸ್ಯರ ಪಟ್ಟಿ. ಪತ್ರ ಬಂದ ವಾರವೇ ನಿಮ್ಮ ಕಾಲದ ನಮೂದುಗಳನ್ನು ಮೊದಲಿನಿಂದ ತಿರುವಿ ನೋಡಿ. ಬಿಟ್ಟುಹೋಗುವುದು ಸಾಮಾನ್ಯವಾಗಿ ಮೂರು. ಮನೆಯಲ್ಲೋ ಆಸ್ಪತ್ರೆಯಲ್ಲೋ ತುರ್ತಾಗಿ ಕೊಟ್ಟ ದೀಕ್ಷಾಸ್ನಾನ ಪುಸ್ತಕಕ್ಕೆ ಏರಿರುವುದಿಲ್ಲ. ಮಗುವಿನ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು, ಇಲ್ಲಿ ಇನ್ನೊಂದು. ಸಮಾಧಿಯ ನಮೂದಿನಲ್ಲಿ ಜಾಗದ ಗುರುತು ಇರುವುದಿಲ್ಲ. ಇಪ್ಪತ್ತು ವರ್ಷದ ನಂತರ ಪಾಸ್‌ಪೋರ್ಟಿಗೋ ಆಸ್ತಿಯ ಖಾತೆಗೋ ಯಾರಾದರೂ ಈ ಪುಟಕ್ಕೇ ಬರುತ್ತಾರೆ. ಆಗ ನೀವು ಎಲ್ಲಿರುತ್ತೀರೋ.

ಮದುವೆಯ ರಿಜಿಸ್ಟರು ಬರೀ ಸಭೆಯದ್ದಲ್ಲ, ಕಾನೂನಿನದ್ದು ಕೂಡ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಲೈಸೆನ್ಸ್ ಪಡೆದ ಸೇವಕರು ಮಾಡಿಸಿದ ಮದುವೆಯ ನಮೂದಿಗೆ ಮಾಡಿಸಿದವರು, ವಧು, ವರ ಮತ್ತು ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನಮೂದುಗಳು ಪುಸ್ತಕದ ಆರಂಭದಿಂದ ಕೊನೆಯವರೆಗೆ ಕ್ರಮವಾಗಿ ಇರಬೇಕು. ‘ಆಮೇಲೆ ತುಂಬಿಸೋಣ’ ಎಂದು ಒಂದು ಹಾಳೆ ಖಾಲಿ ಬಿಟ್ಟರೆ ಕ್ರಮ ಅಲ್ಲೇ ಮುರಿಯಿತು. ಪುಸ್ತಕ ತುಂಬುವ ಮೊದಲೇ ಸೇವಕರು ಆ ಜಿಲ್ಲೆ ಬಿಟ್ಟರೆ, ಅದನ್ನು ತಮ್ಮ ಕೆಲಸಕ್ಕೆ ಬರುವವರಿಗೆ ಒಪ್ಪಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಹಸ್ತಾಂತರ ಎಂಬುದು ನೂರೈವತ್ತು ವರ್ಷದ ಹಿಂದಿನ ಕಾನೂನಿಗೂ ಹೊಳೆದಿತ್ತು.

ಮೇ ತಿಂಗಳು ವರ್ಗಾವಣೆಯ ತಿಂಗಳಷ್ಟೇ ಅಲ್ಲ, ಮದುವೆಯ ತಿಂಗಳೂ ಹೌದು. ಬ್ಯಾನ್ಸ್ ಎಂದು ಎಲ್ಲರೂ ಕರೆಯುವ ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದಬೇಕು. ಮೊದಲೆರಡನ್ನು ಹೋಗುವವರು ಓದಿರುತ್ತಾರೆ, ಮೂರನೆಯದಕ್ಕೆ ಬಂದವರಿಗೆ ಕಡತವೇ ಸಿಗುವುದಿಲ್ಲ. ವರನ ಸಭೆಯಿಂದ ಬರಬೇಕಾದ ಪತ್ರ ಹಳೆಯವರ ವಾಟ್ಸಪ್ಪಿಗೆ ಫೋಟೋ ಆಗಿ ಬಂದು ಅಲ್ಲೇ ಉಳಿದಿರುತ್ತದೆ. ಇನ್ನೂ ಕೆಟ್ಟದ್ದು, ಯಾರೋ ಒಬ್ಬರು ಬಾಯಿಮಾತಿನಲ್ಲಿ ಆಕ್ಷೇಪಣೆ ಹೇಳಿದ್ದು, ಅದನ್ನು ವಿಚಾರಿಸದೆಯೇ ಲಾರಿ ಹೊರಟದ್ದು. ಪ್ರತಿಯೊಂದು ಮದುವೆಗೆ ಒಂದು ಕವರು ಮಾಡಿ. ಅದರ ಮೇಲೆ ಪ್ರಕಟಣೆಯ ಮೂರು ತಾರೀಕು, ಬಂದಿರುವ ಕಾಗದಗಳು, ಬರಬೇಕಾದ ಕಾಗದಗಳು, ಮದುವೆಯ ಮುಂಚಿನ ಸಮಾಲೋಚನೆಗೆ ಎಷ್ಟು ಸಲ ಕೂತರು ಎಂಬುದನ್ನು ಬರೆಯಿರಿ. ಹತ್ತು ನಿಮಿಷದ ಕೆಲಸ, ಒಂದು ಮದುವೆಮನೆಯ ಮಾನ ಉಳಿಯುತ್ತದೆ.

ಬ್ಯಾಂಕಿನ ವಿಷಯದಲ್ಲಿ ಒಂದು ಕೆಟ್ಟ ಚಾಳಿ ಊರೂರಿನಲ್ಲೂ ಇದೆ. ಹೊಸಬರ ಸಹಿ ಬ್ಯಾಂಕಿಗೆ ಏರಲು ತಡವಾಗುತ್ತದೆಂದು ಹೋಗುವವರು ಐದಾರು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಖಜಾಂಚಿಗೆ ಕೊಟ್ಟು ಹೋಗುತ್ತಾರೆ. ನಂಬಿಕೆ ದೊಡ್ಡದೇ. ಆದರೆ ಎರಡು ವರ್ಷದ ನಂತರ ಆಡಿಟಿನಲ್ಲಿ ಒಂದು ಚೆಕ್ಕಿನ ವೋಚರ್ ಸಿಗದಿದ್ದರೆ ಉತ್ತರ ಕೊಡಬೇಕಾದವರು ಸಹಿ ಹಾಕಿದವರು. ಇದರ ಬದಲು ಪತ್ರ ಬಂದ ಕೂಡಲೇ ಸಮಿತಿ ಸಭೆ ಕರೆದು ಸಹಿದಾರರ ಬದಲಾವಣೆಗೆ ನಿರ್ಣಯ ಮಾಡಿ. ನಿರ್ಣಯದ ನಕಲು, ಹೊಸಬರ ಆಧಾರ್, ಪ್ಯಾನ್, ಫೋಟೋ ಬ್ಯಾಂಕಿಗೆ ಮೊದಲೇ ಹೋಗಲಿ. ನಡುವಿನ ವಾರಗಳಿಗೆ ಸಂಬಳ, ಕರೆಂಟು ಬಿಲ್ಲು, ಸಣ್ಣಪುಟ್ಟ ಖರ್ಚಿನ ಚೆಕ್ಕುಗಳನ್ನು ಮೊತ್ತ ಮತ್ತು ಹೆಸರು ಬರೆದೇ ಕೊಡಿ.

ಈಗಿನ ಕಾಲದ ತೊಡಕು ಇನ್ನೊಂದು. ಖಾತೆಗೆ ಜೋಡಿಸಿದ ಮೊಬೈಲು ನಂಬರು ಅಯ್ಯನವರ ಸ್ವಂತದ್ದು. ಅವರು ಊರು ಬಿಟ್ಟರೂ ಒಟಿಪಿ ಅವರ ಜೇಬಿಗೇ ಬರುತ್ತದೆ. ಕಾಣಿಕೆಯ ಕ್ಯೂಆರ್ ಕೋಡ್ ಯಾರ ನಂಬರಿಗೆ ಅಂಟಿಕೊಂಡಿದೆ, ಆರಾಧನೆಯ ಯೂಟ್ಯೂಬ್ ಚಾನೆಲ್ಲಿನ ಪಾಸ್‌ವರ್ಡ್ ಯಾರ ಬಳಿಯಿದೆ, ವಾಟ್ಸಪ್ ಗುಂಪಿನ ಅಡ್ಮಿನ್ ಯಾರು, ಇವನ್ನೂ ಪಟ್ಟಿಗೆ ಸೇರಿಸಿ. ಸಭೆಯ ಹೆಸರಿನಲ್ಲಿ ಒಂದು ಸಿಮ್ ಕೊಂಡು ಕಾರ್ಯದರ್ಶಿಯ ಕೈಯಲ್ಲಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಇನ್ನುಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕರೆಂಟಿನ ಆರ್‌ಆರ್ ನಂಬರು, ಆಸ್ತಿ ತೆರಿಗೆಯ ರಸೀದಿ, ಠೇವಣಿಗಳು ಮುಗಿಯುವ ತಾರೀಕು, ಹಾಲ್ ಬುಕಿಂಗಿಗೆ ಪಡೆದ ಮುಂಗಡ, ಕೋರ್ಟಿನಲ್ಲಿ ಕೇಸಿದ್ದರೆ ಮುಂದಿನ ತಾರೀಕು ಮತ್ತು ವಕೀಲರ ನಂಬರು, ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೆ, ಬಳಸುವ ಪಾತ್ರೆಗಳ ಎಣಿಕೆ, ಸ್ಮಶಾನದ ನಕ್ಷೆ. ಸಭೆಯ ಶಾಲೆಗೆ ನೀವೇ ಆಡಳಿತ ನೋಡುವ ಕರೆಸ್ಪಾಂಡೆಂಟ್ ಆಗಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಸಹಿ ಬದಲಾವಣೆಯ ಪತ್ರ ಹೋಗಲೇಬೇಕು, ಇಲ್ಲದಿದ್ದರೆ ಶಿಕ್ಷಕರ ಸಂಬಳದ ಬಿಲ್ಲು ನಿಲ್ಲುತ್ತದೆ. ಎಲ್ಲವನ್ನೂ ಮೂರು ಪ್ರತಿ ಬರೆದು, ಹೋಗುವವರು, ಬರುವವರು, ಕಾರ್ಯದರ್ಶಿ ಮೂವರೂ ಸಹಿ ಹಾಕಲಿ. ಒಂದು ಪ್ರತಿ ಡಯಾಸಿಸ್ ಆಫೀಸಿಗೆ.

ಬರೆಯಬೇಕಾದ ಹೆಸರುಗಳು, ಬರೆಯಬಾರದ ಮಾತುಗಳು

ಕಾಗದಕ್ಕಿಂತ ಕಷ್ಟದ್ದು ಜನರನ್ನು ಒಪ್ಪಿಸುವುದು. ಬರುವವರಿಗೆ ಒಂದೇ ಹಾಳೆಯಲ್ಲಿ ಇಷ್ಟು ಬರೆದುಕೊಡಿ: ಮನೆಯಲ್ಲೇ ಕರ್ತನ ಭೋಜನ ಕೊಡಬೇಕಾದ ವೃದ್ಧರು ಮತ್ತು ಹಾಸಿಗೆ ಹಿಡಿದವರು, ಕಳೆದ ಒಂದು ವರ್ಷದಲ್ಲಿ ಸಾವಾದ ಮನೆಗಳು ಮತ್ತು ಸಾವಿಗೆ ವರ್ಷ ತುಂಬುವಾಗಿನ ವರ್ಷಾಂತ್ಯದ ಪ್ರಾರ್ಥನೆಯ ತಾರೀಕು, ಡಯಾಲಿಸಿಸ್ಸಿಗೋ ಕೀಮೋಗೋ ಹೋಗುತ್ತಿರುವವರು, ದೃಢೀಕರಣದ ತರಗತಿಯ ಮಕ್ಕಳು. ವರ್ಷಾಂತ್ಯದ ತಾರೀಕು ತಪ್ಪಿದರೆ ಆ ಮನೆಯವರು ಹೊಸಬರನ್ನು ಬೇಗ ಕ್ಷಮಿಸುವುದಿಲ್ಲ, ತಪ್ಪು ಅವರದ್ದಲ್ಲದಿದ್ದರೂ.

ಏಕಾಂತದಲ್ಲಿ ಕೇಳಿದ ಪಾಪದ ಅರಿಕೆ, ಗಂಡ-ಹೆಂಡಿರ ಜಗಳ, ಯಾರದೋ ಮಗನ ಕುಡಿತ, ಇವು ನಿಮ್ಮೊಂದಿಗೆ ಊರು ಬಿಡಬೇಕಾದವು. ಸಹಾಯ ಮುಂದುವರಿಯಬೇಕೆಂದಿದ್ದರೆ ಆ ವ್ಯಕ್ತಿಯನ್ನೇ ಕೇಳಿ, ಅವರು ಒಪ್ಪಿದರೆ ಮೂವರೂ ಒಟ್ಟಿಗೆ ಕೂತು ಮಾತಾಡಿ. ‘ಆ ಹಿರಿಯರ ಹತ್ತಿರ ಹುಷಾರಾಗಿರಿ’, ‘ಆ ಮನೆತನ ಯಾವಾಗಲೂ ವಿರೋಧ’ ಎಂಬ ಮಾತನ್ನಂತೂ ಹೇಳಲೇಬೇಡಿ. ನಿಮಗೆ ಕಾಟ ಕೊಟ್ಟವರೇ ಬರುವವರಿಗೆ ಬೆನ್ನೆಲುಬಾಗುವುದು ಎಷ್ಟೋ ಕಡೆ ನಡೆಯುತ್ತದೆ. ನಿಮ್ಮ ಕಿವಿಮಾತು ಆ ಬಾಗಿಲನ್ನು ಮುಚ್ಚಿಬಿಡುತ್ತದೆ.

ಸುದ್ದಿ ಯಾರಿಗೆ ಮೊದಲು? ಕಾರ್ಯದರ್ಶಿ, ಖಜಾಂಚಿ, ಆಮೇಲೆ ಹಾಸಿಗೆ ಹಿಡಿದವರ ಮನೆಗಳು, ಆಮೇಲೆ ಭಾನುವಾರದ ಪ್ರಕಟಣೆ. ವಾಟ್ಸಪ್ಪಿನಲ್ಲಿ ಲಿಸ್ಟ್ ಹರಿದಾಡಿದ ಮೇಲೆ ಪೀಠದಿಂದ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಈ ಕ್ರಮವನ್ನು ನಾಲ್ಕು ದಿನದಲ್ಲಿ ಮುಗಿಸಿ.

ಕೊನೆಯ ಭಾನುವಾರ ಪೌಲ ಮಿಲೇತದಲ್ಲಿ ಹೇಳಿದ ಬೀಳ್ಕೊಡುಗೆಯ ಮಾತನ್ನು ಓದುವ ಆಸೆ ಎಲ್ಲರಿಗೂ. ಓದಿ, ಆದರೆ ಅಪೊಸ್ತಲರ ಕೃತ್ಯಗಳು 20ರಲ್ಲಿ ಪೌಲ ಎಫೆಸದ ಹಿರಿಯರಿಗೆ ತನ್ನ ಕಣ್ಣೀರಿನ ಜೊತೆಗೆ ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ ಎಂಬ ಲೆಕ್ಕವನ್ನೂ ಕೊಡುತ್ತಾನೆ, ಬರಲಿರುವ ಅಪಾಯವನ್ನೂ ಹೇಳುತ್ತಾನೆ. ಸಮಿತಿಯವರಿಗೊಂದು ಮಾತು: ಬೀಳ್ಕೊಡುಗೆಯ ಪರ್ಸಿಗೆ ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಓದಬೇಡಿ. ಕೊಡಲಾಗದ ಮನೆಯವರು ಆ ದಿನ ಹಿಂದಿನ ಬೆಂಚಿನಿಂದಲೇ ಎದ್ದು ಹೋಗುತ್ತಾರೆ.

ಸಭಾಪಾಲಕರ ಹೆಂಡತಿಯರಾದ ಅಮ್ಮನವರನ್ನು ನಾವು ಮರೆಯುವುದು ಇಲ್ಲೇ. ಸ್ತ್ರೀಯರ ಕೂಟ, ಸಂಡೇ ಸ್ಕೂಲು, ಗಾಯನ ಮಂಡಳಿ ಎಷ್ಟೋ ಕಡೆ ನಡೆಯುವುದು ಸಂಬಳವಿಲ್ಲದ ಅವರ ದುಡಿಮೆಯಿಂದ. ಅವರಿಗೂ ಒಪ್ಪಿಸುವ ಕೆಲಸವಿದೆ, ಬಿಡುವ ನೋವಿದೆ. ಬರುವ ಅಮ್ಮನವರು ಬೇರೆ ಕೆಲಸಕ್ಕೆ ಹೋಗುವವರಿದ್ದರೆ ಆ ಜವಾಬ್ದಾರಿಗಳು ತಾವಾಗಿಯೇ ಅವರ ತಲೆಗೆ ಬೀಳಬಾರದು. ಸಮಿತಿ ಮೊದಲೇ ಬೇರೆಯವರನ್ನು ನೇಮಿಸಬೇಕು. ಮಕ್ಕಳು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಎರಡನೆಯ ವರ್ಷಕ್ಕೆ ಕಾಲಿಡುವವರಿದ್ದರೆ ಒಂದು ವರ್ಷ ತಡೆಯಿರೆಂಬ ಮನವಿಯನ್ನು ಲಿಸ್ಟ್ ಬರುವ ಮೊದಲೇ, ವರ್ಷದ ಆರಂಭದಲ್ಲೇ ಲಿಖಿತವಾಗಿ ಕೊಡಬೇಕು. ಲಿಸ್ಟ್ ಬಂದ ಮೇಲೆ ಬಿಷಪರ ಮನೆಯ ಬಾಗಿಲಿಗೆ ಹೋದರೆ ನಿಮ್ಮ ಒಂದು ಹೆಸರಿನ ಹಿಂದೆ ಇನ್ನೂ ನಾಲ್ಕು ಹೆಸರು ಅಲುಗಾಡುತ್ತವೆ.

ಹೋದ ಜಾಗದಲ್ಲಿ, ಬಿಟ್ಟ ಜಾಗದಲ್ಲಿ

ಹೊಸ ಜಾಗದ ಮೊದಲ ಮೂರು ತಿಂಗಳು ಆರಾಧನೆಯ ಹೊತ್ತು, ಹಾಡಿನ ರಾಗ, ಬೆಂಚಿನ ಸಾಲು ಯಾವುದನ್ನೂ ಬದಲಿಸಬೇಡಿ. ಮನೆ ಭೇಟಿಯನ್ನು ಸಮಿತಿಯವರ ಮನೆಯಿಂದ ಶುರುಮಾಡದೆ ದೂರದ ಮನೆಗಳಿಂದ, ಬರುವುದನ್ನೇ ಬಿಟ್ಟವರ ಮನೆಗಳಿಂದ ಶುರುಮಾಡಿ. ಭಾಷೆಯ ವಿಷಯವೂ ಇದೆ. ಸಿಎಸ್‌ಐನ ಕರ್ನಾಟಕ ದಕ್ಷಿಣ ಡಯಾಸಿಸ್ಸಿನಲ್ಲಿ ಚಾಮರಾಜನಗರದ ಕಡೆಯವರು ಉಡುಪಿಯ ಕಡೆಗೆ ಹೋದರೆ ಆರಾಧನೆಗೆ ಕನ್ನಡ ಸಾಕಾದೀತು, ಸಾವಿನ ಮನೆಯಲ್ಲಿ ಸಾಲದು. ಅಲ್ಲಿ ತುಳುವಿನಲ್ಲೇ ಅಳುತ್ತಾರೆ. ಹತ್ತು ವಾಕ್ಯವಾದರೂ ಕಲಿತುಕೊಳ್ಳಿ. ತಪ್ಪಾದರೆ ನಗುತ್ತಾರೆ, ನಗಲಿ.

ಬಿಟ್ಟ ಜಾಗಕ್ಕೆ ಒಂದು ವರ್ಷ ಹೋಗಬೇಡಿ. ಮದುವೆಗೆ, ಸಾವಿಗೆ ಕರೆ ಬಂದರೆ ಹೇಳುವ ಮಾತು ಇಷ್ಟೇ: ‘ನಿಮ್ಮ ಅಯ್ಯನವರನ್ನು ಕೇಳಿ, ಅವರು ಕರೆದರೆ ಬರುತ್ತೇನೆ.’ ‘ನಾನೇ ಅವರ ಹತ್ತಿರ ಮಾತಾಡುತ್ತೇನೆ’ ಎನ್ನಬೇಡಿ. ಆಗ ಬೇಡವೆನ್ನುವ ಹೊರೆ ಅವರ ಮೇಲೆ ಬೀಳುತ್ತದೆ. ನಿವೃತ್ತರಾಗಿ ಅದೇ ಊರಿನಲ್ಲಿ ಮನೆ ಕಟ್ಟಿದವರಿಗೆ ಇದು ಇನ್ನೂ ಕಷ್ಟ. ಅವರು ಅರಣ್ಯಕಾಂಡ 8ರ ಕೊನೆಯ ವಚನಗಳನ್ನು ನೋಡಬೇಕು. ಲೇವಿಯರು ಇಪ್ಪತ್ತೈದಕ್ಕೆ ಸೇವೆಗೆ ಸೇರಿ ಐವತ್ತಕ್ಕೆ ಬಿಡಬೇಕು. ಬಿಟ್ಟ ಮೇಲೆ ಸಹೋದರರಿಗೆ ನೆರವಾಗಬಹುದು, ಆದರೆ ಆ ಸೇವೆಯನ್ನು ಮಾಡಬಾರದು. ನೆರವಿಗೂ ಅಧಿಕಾರಕ್ಕೂ ನಡುವೆ ಗೆರೆ ಎಳೆದಿದೆ.

ನಿವೃತ್ತಿಯ ಸಿದ್ಧತೆಯಲ್ಲಿ ಜನ ಎಡವುವುದು ಪ್ರಾರ್ಥನೆಯ ಕೊರತೆಯಿಂದಲ್ಲ, ಮನೆಯ ಕೊರತೆಯಿಂದ. ಜೀವಮಾನವೆಲ್ಲ ಪಾರ್ಸನೇಜಿನಲ್ಲಿ ಕಳೆದವರಿಗೆ ಬಾಡಿಗೆಯ ಲೆಕ್ಕವೇ ಗೊತ್ತಿರುವುದಿಲ್ಲ. ಹತ್ತು ವರ್ಷ ಮೊದಲೇ ಯೋಚಿಸಬೇಕು. ಸರ್ವಿಸ್ ರಿಜಿಸ್ಟರಿನ ಹೆಸರು, ಜನ್ಮದಿನಾಂಕ ಆಧಾರ್ ಮತ್ತು ಪ್ಯಾನಿಗೆ ಹೊಂದುತ್ತವೆಯೇ ನೋಡಿ. ಒಂದು ಇನಿಶಿಯಲ್ ಹೆಚ್ಚುಕಡಿಮೆಯಾದರೆ ನಿಧಿಯ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ನಾಮಿನಿಯ ಜಾಗದಲ್ಲಿ ತೀರಿಹೋದ ತಾಯಿಯ ಹೆಸರೇ ಉಳಿದಿರುವುದೂ ಉಂಟು.

ಸ್ವತಂತ್ರ ಸಭೆಗಳಲ್ಲಿ ವರ್ಗಾವಣೆಯೇ ಇಲ್ಲ. ಹಾಗಾಗಿ ಬದಲಾವಣೆ ಬರುವುದು ಸಾವಿನಿಂದಲೋ ಒಡಕಿನಿಂದಲೋ. ಜಾಗ ಪಾಸ್ಟರ್ ಹೆಸರಿನಲ್ಲಿದ್ದರೆ ಅವರ ನಂತರ ಅದು ವಾರಸುದಾರರದ್ದು, ಸಭೆಯದ್ದಲ್ಲ. ಟ್ರಸ್ಟ್ ಡೀಡಿನಲ್ಲಿ ಕುಟುಂಬದ ಹೊರಗಿನವರೂ ಇರಲಿ. ಇನ್ನೊಂದನ್ನು ಬಹಳ ಮಂದಿ ಗಮನಿಸಿರುವುದಿಲ್ಲ: ಮದುವೆ ಮಾಡಿಸುವ ಲೈಸೆನ್ಸನ್ನು ಸರ್ಕಾರ ಕೊಡುವುದು ಸೇವಕರ ಹೆಸರಿಗೆ, ಸಭೆಗಲ್ಲ. ಸ್ಥಾಪಕರು ತೀರಿಕೊಂಡ ಮರುತಿಂಗಳು ಅವರ ಮಗ ಅದೇ ಪೀಠದಲ್ಲಿ ನಿಂತು ಮಾಡಿಸಿದ ಮದುವೆ ಕಚೇರಿಯಲ್ಲಿ ತೊಡಕಾಗುತ್ತದೆ.

ಕರೆಯೇ ಬದಲಾದಾಗ

ಊರು ಬದಲಾಗುವುದು ಒಂದು, ಕೆಲಸವೇ ಬದಲಾಗುವುದು ಇನ್ನೊಂದು. ಕಿಟೆಲರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಇಲ್ಲಿ ಅದೇ ಬಾಸೆಲ್ ಮಿಶನ್ನಿನ ಮೋಗ್ಲಿಂಗರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. 1836ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಪಾಠ ಹೇಳಿದರು, ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಅದೆಲ್ಲವನ್ನೂ ಬಿಟ್ಟು ಕೊಡಗಿಗೆ ಹೋದರು, 1860ರಲ್ಲಿ ಭಾರತವನ್ನೇ ಬಿಟ್ಟರು. ಶಾಲೆ, ಪತ್ರಿಕೆ, ಗ್ರಂಥ ಸಂಪಾದನೆ, ಗುಡ್ಡಗಾಡಿನ ಸೇವೆ: ಇವುಗಳಲ್ಲಿ ಯಾವುದು ದೇವರು ಅವರಿಗೆ ಕೊಟ್ಟ ಕರೆ ಎಂದು ಕೇಳಿದರೆ ಪ್ರಶ್ನೆಯೇ ತಪ್ಪು. ಒಂದೇ ಕರೆಗೆ ನಾಲ್ಕು ಹುದ್ದೆ. ಹುದ್ದೆ ಹೋದಾಗ ಕರೆಯೇ ಹೋಯಿತೆಂದು ಕುಸಿಯುವವರು ಈ ಎರಡನ್ನು ಒಂದೇ ಎಂದುಕೊಂಡವರು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಸೇವೆಗೆ ಬರುತ್ತೇನೆನ್ನುವ ಯುವಜನರು ಇಲ್ಲಿದ್ದೀರಿ. ರಾಜೀನಾಮೆ ಕೊನೆಯ ಹೆಜ್ಜೆಯಾಗಲಿ, ಮೊದಲನೆಯದಲ್ಲ. ಒಂದು ವರ್ಷ ಕೆಲಸದಲ್ಲಿದ್ದುಕೊಂಡೇ ಸಂಡೇ ಸ್ಕೂಲಿನ ತರಗತಿ, ಆಸ್ಪತ್ರೆ ಭೇಟಿ, ತಿಂಗಳಿಗೊಂದು ಹಳ್ಳಿಯ ಆರಾಧನೆ ಮಾಡಿ. ಹಾಡಿನ ರಾತ್ರಿಯಲ್ಲಿ ಬಂದ ಉತ್ಸಾಹ ಮೂರನೆಯ ಸಾವಿನ ಮನೆಯಲ್ಲೂ ಉಳಿದಿದೆಯೇ ನೋಡಿ. ಸಾಲ ತೀರಿಸಿ. ಮನೆ ನಿಮ್ಮ ಸಂಬಳದ ಮೇಲೆ ನಡೆಯುತ್ತಿದ್ದರೆ ಕನಿಷ್ಠ ಆರು ತಿಂಗಳ ಖರ್ಚು ಕೂಡಿಡಿ. ಆಮೇಲೆ ಸಭಾಪಾಲಕರ ಶಿಫಾರಸು, ಡಯಾಸಿಸ್ಸಿನ ಆಯ್ಕೆ, ಸೆರಾಂಪುರ ಸೆನೆಟಿನ ದೈವಶಾಸ್ತ್ರದ ಬಿ.ಡಿ. ಪದವಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೋ, ಬೆಂಗಳೂರಿನಲ್ಲಿ 1910ರಿಂದ ನಡೆಯುತ್ತಿರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೋ ಓದು. ಓದಿದ ಮೇಲೂ ಮೊದಲು ಸಹಾಯಕ ಸೇವಕರಾಗುವ ಡೀಕನ್ ದೀಕ್ಷೆ, ಆಮೇಲೆ ಪೂರ್ಣ ಸಭಾಪಾಲಕರಾಗುವ ಪ್ರೆಸ್ಬಿಟರ್ ದೀಕ್ಷೆ. ಡೀಕನ್ ಆಗಿರುವಾಗ ಕರ್ತನ ಭೋಜನವನ್ನು ನೀವೇ ನಡೆಸುವಂತಿಲ್ಲ. ಅವಸರ ಇರುವವರಿಗೆ ಅದು ಅವಮಾನದಂತೆ ಕಾಣುತ್ತದೆ. ಹಿರಿಯರ ಪಕ್ಕದಲ್ಲಿ ನಿಂತು ನೋಡುವುದಕ್ಕೆಂದೇ ಆ ಕಾಲ ಇರುವುದು.

ಸೇವೆಯಲ್ಲಿರುವವರಿಗೆ ‘ನನ್ನ ಕರೆ ಮುಗಿಯಿತೇನೋ’ ಅನಿಸಿದಾಗ ಮೊದಲು ದಣಿವನ್ನು ಬೇರೆ ಮಾಡಿ ನೋಡಬೇಕು. ರಜೆ ಎಷ್ಟು ವರ್ಷದಿಂದ ತೆಗೆದುಕೊಂಡಿಲ್ಲ, ನಿದ್ದೆ ಹೇಗಿದೆ, ಸಕ್ಕರೆ, ಬಿ.ಪಿ. ಎಷ್ಟಿದೆ. ಸಮಿತಿಯೊಂದಿಗೆ ಜಗಳವಾದ ತಿಂಗಳು, ಮನೆಯಲ್ಲಿ ಸಾವಾದ ವರ್ಷ ರಾಜೀನಾಮೆ ಬರೆಯಬೇಡಿ. ನಾಲ್ಕು ವಾರ ಪೂರ್ತಿ ಬಿಡುವು ಪಡೆದ ಮೇಲೂ ಮನಸ್ಸು ಅದೇ ದಿಕ್ಕಿಗೆ ಎಳೆದರೆ ಆಗ ನಂಬಿಕೆಯ ಇಬ್ಬರ ಮುಂದೆ ಇಡಿ. ಪೌಲನಿಗೆ ಆಸ್ಯದಲ್ಲಿ ತಡೆಯಾಯಿತು, ಬಿಥೂನ್ಯಕ್ಕೂ ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ಮಕೆದೋನ್ಯದವನ ದರ್ಶನವಾಯಿತು. ಅಪೊಸ್ತಲರ ಕೃತ್ಯಗಳು 16ರ ಹತ್ತನೆಯ ವಚನ ನೋಡಿ: ದರ್ಶನ ಕಂಡವನು ಅವನೊಬ್ಬ, ಹೊರಡಬೇಕೆಂದು ನಿಶ್ಚಯಿಸಿದವರು ‘ನಾವು’.

ಪ್ರಶ್ನೆಗಳು

*ಹಳೆಯ ಅಯ್ಯನವರು ಹೋದರು, ಹೊಸಬರು ಇನ್ನೂ ಬಂದಿಲ್ಲ. ಆ ನಡುವಿನ ತಿಂಗಳಲ್ಲಿ ಸಮಿತಿ ಏನು ಮಾಡಬೇಕು?*

ಪಕ್ಕದ ಸಭೆಗಳ ಪ್ರೆಸ್ಬಿಟರುಗಳಲ್ಲಿ ಯಾರು ಹೊಣೆ ಎಂದು ಡಯಾಸಿಸ್ಸಿನಿಂದ ಲಿಖಿತವಾಗಿ ಕೇಳಿಕೊಳ್ಳಿ, ಬಾಯಿಮಾತು ಬೇಡ. ಕರ್ತನ ಭೋಜನದ ಭಾನುವಾರವನ್ನು ಅವರ ಅನುಕೂಲಕ್ಕೆ ಹೊಂದಿಸಿ, ಬೇಕಾದರೆ ಆರಾಧನೆಯ ಹೊತ್ತು ಬದಲಿಸಿ. ಮಿಕ್ಕ ಭಾನುವಾರಗಳನ್ನು ಸಭಿಕ ಪ್ರಸಂಗಿಗಳು ನಡೆಸಲಿ. ರಾತ್ರಿ ಸಾವಾದರೆ ಯಾರಿಗೆ ಫೋನು ಎಂಬ ನಂಬರನ್ನು ಗೇಟಿನ ಬೋರ್ಡಿನ ಮೇಲೆ ಬರೆಸಿ. ಆ ತಿಂಗಳಲ್ಲಿ ಕಟ್ಟಡ, ಆಸ್ತಿ, ನೇಮಕಾತಿ ಯಾವುದರ ಮೇಲೂ ನಿರ್ಣಯ ಮಾಡಬೇಡಿ.

*ಮಗಳಿಗೆ ದೀಕ್ಷಾಸ್ನಾನ ಕೊಟ್ಟ ಹಳೆಯ ಅಯ್ಯನವರೇ ಮದುವೆ ಮಾಡಿಸಬೇಕೆಂದು ಮನೆಯವರು ಹಠ ಹಿಡಿದರೆ?*

ಅವರ ಆಸೆಯಲ್ಲಿ ತಪ್ಪೇನಿಲ್ಲ. ಮನೆಯವರು ಈಗಿನ ಅಯ್ಯನವರನ್ನು ಕೇಳಲಿ, ಇವರೇ ಅವರಿಗೆ ಪತ್ರ ಬರೆದು ಕರೆಯಲಿ. ಪ್ರಕಟಣೆ, ಸಮಾಲೋಚನೆ, ಕಾಗದ ಎಲ್ಲವೂ ಈಗಿನವರ ಕೈಯಲ್ಲೇ ನಡೆಯಲಿ. ಆ ದಿನ ಪ್ರಸಂಗವನ್ನೋ ಆಶೀರ್ವಾದವನ್ನೋ ಹಳೆಯವರು ಮಾಡಬಹುದು. ಪ್ರತಿಜ್ಞೆ ಹೇಳಿಸಿ ಮದುವೆ ಮಾಡಿಸುವವರು ಯಾರೆಂದು ಹಿಂದಿನ ದಿನವೇ ತೀರ್ಮಾನವಾಗಿರಲಿ, ಏಕೆಂದರೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಾದವರು ಅವರೇ. ಮಂಟಪದಲ್ಲಿ ಒಬ್ಬರು, ಪುಸ್ತಕದಲ್ಲಿ ಇನ್ನೊಬ್ಬರು ಆಗಬಾರದು.